ತಾಯಿಯ ಕಣ್ಣಿಗೆ ಕಟ್ಟಿದ ಬ್ಯಾನರು

ಆಕ್ಲೆಂಡಿನ ಪಾಪಟೋಟೊಯಿ ಬಡಾವಣೆಯ ದೊಡ್ಡ ರಸ್ತೆಯಲ್ಲಿರುವ ನಮ್ಮವರ ದಿನಸಿ ಅಂಗಡಿಯಲ್ಲಿ ಇವತ್ತು ಬೆಳಿಗ್ಗೆ ಊದಿನಕಡ್ಡಿ ಆರಿಸುತ್ತ ನಿಂತಿದ್ದೆ. ನಮ್ಮ ಕಡ್ಡಿಗಳ ಪಕ್ಕದಲ್ಲೇ ಚೀನಿಯವರ ಕಡ್ಡಿಗಳ ಕಟ್ಟನ್ನೂ ಇಟ್ಟಿದ್ದರು. ಕೆಂಪು ಕಾಲಿನ ಉದ್ದನೆಯ ಕಡ್ಡಿಗಳು, ಗಂಧದ ಪುಡಿಯ ಒಣ ವಾಸನೆ. ಒಂದು ಕಟ್ಟನ್ನು ಮೂಗಿನ ಹತ್ತಿರ ಹಿಡಿದಿದ್ದೆ, ಅಷ್ಟರಲ್ಲಿ ಪಕ್ಕದಲ್ಲಿದ್ದ ನಮ್ಮವರೇ ಒಬ್ಬ ಹೆಂಗಸು ಕಾಳಜಿಯಿಂದ ನನ್ನ ಮೊಣಕೈ ಮುಟ್ಟಿ ಹೇಳಿದರು, "ಅದನ್ನ ತಗೋಬ್ಯಾಡ್ರಿ ಆಂಟಿ, ಅದು ಚೀನಾದವರ ದೇವರದ್ದು. ನಮ್ಮ ದೇವರಿಗೆ ನಡ್ಯೂದಿಲ್ಲ."

ನನಗೆ ಸಿಟ್ಟು ಬರಲು ಇಷ್ಟು ಸಾಕು. ಸಿಟ್ಟು ನನ್ನ ಹಳೆಯ ಒಡನಾಡಿ. ಹುಬ್ಬಳ್ಳಿಯಿಂದ ಹೊರಟಾಗ ವಿಮಾನದವರು ತೂಗಿದ ಸಾಮಾನಿನಲ್ಲಿ ಇದೊಂದನ್ನು ತೂಗಲಿಲ್ಲ, ಬಿಟ್ಟರು. ನಾನು ಬೇಕೆಂದೇ ಎರಡು ಕಟ್ಟು ಕೊಂಡೆ. ನನ್ನ ಗಂಡ ಜೊತೆಗಿದ್ದಿದ್ದರೆ, "ಆಕಿ ಏನೋ ಒಳ್ಳೇದಕ್ಕ ಹೇಳ್ಯಾಳ, ಬಿಡು" ಎನ್ನುತ್ತಿದ್ದರು. ಒಳ್ಳೆಯದಕ್ಕೇ ಹೇಳಿದ್ದಾಳೆ, ನಿಜ. ಒಳ್ಳೆಯದಕ್ಕೇ ಹೇಳುವವರು ಮತ್ತು ಒಳ್ಳೆಯದಕ್ಕೇ ಮಾಡುವವರು ಏನೇನು ಮಾಡಬಲ್ಲರು ಎಂಬುದನ್ನು ನಾನು ಆರೇಳು ವರ್ಷದ ಹಿಂದೆ ಕಣ್ಣಾರೆ ಕಂಡಿದ್ದೇನೆ. ಕಾರಿನಲ್ಲಿ ಕೂತಾಗ ಆ ಗಂಧದ ವಾಸನೆ ಹರಡಿ ಅದೆಲ್ಲ ನೆನಪಾಯಿತು. ನಿಮಗೆ ಹೇಳಿಬಿಡುತ್ತೇನೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದೇ ಹೆಚ್ಚು.

ನಮ್ಮ ಮನೆಯ ಬೇಲಿಯಾಚೆ ಲಿಮ್ ಆಂಟಿ ಇದ್ದರು. ಮಲೇಷಿಯಾದ ಒಂದು ಬಂದರು ಊರಿನಿಂದ ಬಂದ ಚೀನಿ ಹೆಂಗಸು. ಗಂಡ ತೀರಿಕೊಂಡಿದ್ದರು, ಒಬ್ಬನೇ ಮಗ, ಈ ದೇಶದ ದಕ್ಷಿಣ ದ್ವೀಪದ ಕಡೆ ಮೀನು ಹಿಡಿಯುವ ದೊಡ್ಡ ದೋಣಿಯಲ್ಲಿ ಕೆಲಸಕ್ಕಿದ್ದ. ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಲಿಮ್ ಆಂಟಿಯ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ತರಗತಿಯವು. ಇಬ್ಬರ ಕ್ರಿಯಾಪದಗಳಿಗೂ ನಿನ್ನೆ ನಾಳೆಗಳ ಗೊಡವೆ ಇರಲಿಲ್ಲ. ಹಾಗಾಗಿ ನಮ್ಮಲ್ಲಿ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಅವರು ಬೇಲಿಯ ಮೇಲಿಂದ ನಿಂಬೆಹಣ್ಣು ಕೊಡುವರು, ನಾನು ಶೇಂಗಾ ಚಟ್ನಿ ಕೊಡುವೆ. ಅದನ್ನು ಅವರು ನೂಡಲ್ಸಿಗೆ ಕಲಸಿಕೊಂಡು ತಿನ್ನುತ್ತಿದ್ದರೆಂದು ಗೊತ್ತಾದ ದಿನ ಸ್ವಲ್ಪ ನೊಂದುಕೊಂಡೆ. ಆಮೇಲೆ ನಾನೂ ಹಾಗೆ ತಿಂದು ನೋಡಿ ಸುಮ್ಮನಾದೆ.

ಅವರು ನೋಡಿಕೊಳ್ಳುತ್ತಿದ್ದ ಗುಡಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ತಾವೋ ಪಂಥದ ಗುಡಿ. ಗುಡಿ ಎಂದರೆ ಮೇಲಕ್ಕೆ ಬಾಗಿದ ಅಂಚಿನ ಹೆಂಚಿನ ಮಾಡು, ಡ್ರ್ಯಾಗನ್ ಕಂಬ ಎಂದು ನೀವು ಊಹಿಸಿಕೊಳ್ಳಬೇಡಿ. ಅದು ಹಿಂದೆ ಸ್ಕೌಟ್ ಮಕ್ಕಳು ಕೂಡುತ್ತಿದ್ದ ಹಲಗೆ ಗೋಡೆಯ ಮೀಟಿಂಗ್ ಹಾಲು. ಬಾಗಿಲ ಮೇಲೊಂದು ಕೆಂಪು ಹಲಗೆ, ಒಳಗೆ ತುದಿಯಲ್ಲಿ ಎತ್ತರದ ಪೀಠ, ಅದರ ಮೇಲೆ ಕಡಲ ತಾಯಿ ಮಾಜು. ಹೊಗೆ ಕುಡಿದು ಕುಡಿದು ಅವಳ ಮುಖ ಕಪ್ಪಾಗಿದೆ. ಕಣ್ಣು ಮಾತ್ರ ಬೆಳ್ಳಗೆ, ನೇರ ಬಾಗಿಲಿನ ಕಡೆಗೆ. ಬಾಗಿಲ ಆಚೆ ರಸ್ತೆ, ರಸ್ತೆಯ ಆಚೆ ಇಳಿಜಾರು, ಅದರ ಕೊನೆಯಲ್ಲಿ ಮನುಕಾವ್ ಕೊಲ್ಲಿಯ ನೀರು.

ಆ ಕಣ್ಣಿನ ಕಥೆಯನ್ನು ಲಿಮ್ ಆಂಟಿ ನನಗೆ ಪೀಠ ಒರೆಸುತ್ತ ಒರೆಸುತ್ತ ಹೇಳಿದ್ದರು. ಮಾಜು ಹುಟ್ಟಿದಾಗ ಅಳಲೇ ಇಲ್ಲವಂತೆ. ಮಾತಿಲ್ಲದ ಹುಡುಗಿ ಎಂದೇ ಹೆಸರಿಟ್ಟರಂತೆ. ದೊಡ್ಡವಳಾದ ಮೇಲೆ ಒಂದು ದಿನ ಮಗ್ಗದ ಮುಂದೆ ಕೂತು ನೇಯುತ್ತಿದ್ದಾಗ ಕಡಲಿನಲ್ಲಿ ಬಿರುಗಾಳಿ ಎದ್ದಿತು. ಅಪ್ಪ, ಅಣ್ಣಂದಿರು ದೋಣಿಯಲ್ಲಿದ್ದರು. ಹುಡುಗಿ ಕೂತಲ್ಲೇ ಕಣ್ಣು ಮುಚ್ಚಿದಳು. ಅವಳ ಜೀವ ಕಡಲಿಗೆ ಹೋಗಿ ಅಣ್ಣಂದಿರನ್ನು ಕೈಯಲ್ಲಿ, ಅಪ್ಪನನ್ನು ಬಾಯಲ್ಲಿ ಕಚ್ಚಿ ಹಿಡಿದುಕೊಂಡಿತು. ಮಗಳಿಗೆ ಏನೋ ಆಯಿತೆಂದು ತಾಯಿ ಗಾಬರಿಯಾಗಿ ಭುಜ ಹಿಡಿದು ಅಲುಗಿಸಿದಳು, ಹೆಸರು ಹಿಡಿದು ಕೂಗಿದಳು. ಹುಡುಗಿ "ಅಮ್ಮಾ" ಎಂದು ಬಾಯಿಬಿಟ್ಟಳು. ಅಪ್ಪ ಜಾರಿಹೋದ.

"ತಾಯಿ ಒಳ್ಳೆಯದಕ್ಕೇ ಅಲುಗಿಸಿದ್ದು," ಎಂದರು ಲಿಮ್ ಆಂಟಿ. "ಅದಕ್ಕೇ ಅವಳು ಈಗ ಕಣ್ಣು ಮುಚ್ಚುವುದಿಲ್ಲ. ತೆರೆದ ಕಣ್ಣಿನಿಂದಲೇ ಕಾಯುತ್ತಾಳೆ. ಅವಳಿಗೂ ಬಾಗಿಲಿಗೂ ನಡುವೆ ನಾವು ಏನೂ ಇಡುವುದಿಲ್ಲ. ಯಾರಾದರೂ ಕಡಲಲ್ಲಿ ಇರುತ್ತಾರೆ."

ಹಾಲಿನಲ್ಲಿ ಅವಳ ಎದುರಿಗೆ ಯಾರೂ ನಿಂತು ಕೈಮುಗಿಯುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಎಲ್ಲರೂ ಪಕ್ಕಕ್ಕೆ ನಿಲ್ಲುತ್ತಾರೆ. ಸಂದಣಿಯ ಹಬ್ಬದ ದಿನವೂ ನಡುವೆ ಒಂದು ದಾರಿ ಬಿಟ್ಟೇ ಇರುತ್ತದೆ.

ಇನ್ನು ಈ ಗುಡಿ ಇಲ್ಲಿಗೆ ಬಂದ ಕಥೆ. ಅವರಲ್ಲಿ ಹೊಸ ಗುಡಿ ಮಾಡಬೇಕಾದರೆ ಹಳೆಯ ಗುಡಿಯ ಧೂಪದ ಬಟ್ಟಲಿನಿಂದ ಒಂದಿಷ್ಟು ಬೂದಿ ತರಬೇಕು. ನಾವು ಹೆಪ್ಪು ತಂದು ಮೊಸರು ಮಾಡುತ್ತೇವಲ್ಲ, ಹಾಗೆ. ಆ ಬೂದಿಯನ್ನೂ ಮೂರ್ತಿಯನ್ನೂ ತಮ್ಮ ಊರಿನಿಂದ ತೊಡೆಯ ಮೇಲಿಟ್ಟುಕೊಂಡು ತಂದವರು ಲಿಮ್ ಆಂಟಿಯೇ. ಆಕ್ಲೆಂಡಿನ ವಿಮಾನ ನಿಲ್ದಾಣ ನಿಮಗೆ ಗೊತ್ತು. ಹಣ್ಣು, ಬೀಜ, ಮಣ್ಣು, ಹುಣಸೆಹಣ್ಣು ಎಲ್ಲದಕ್ಕೂ ತಪಾಸಣೆಯವರ ಮುಂದೆ ಜೀವ ಕೈಯಲ್ಲಿ ಹಿಡಿದು ನಿಲ್ಲಬೇಕು. ಅವರ ಮೂಸುವ ನಾಯಿ ಬಂತು, ಲಿಮ್ ಆಂಟಿಯ ಚೀಲದ ಮುಂದೆ ಬಂದು ಕಾಲು ಮಡಿಚಿ ಕೂತುಬಿಟ್ಟಿತು. ನಾಯಿ ದೇವಿಗೆ ನಮಸ್ಕಾರ ಮಾಡಿತು, ಅಧಿಕಾರಿ ಅದನ್ನು ಕಂಡು ಬೂದಿಯನ್ನು ಮುಟ್ಟದೆ ಬಿಟ್ಟ ಎನ್ನುತ್ತಾರೆ ಆ ಗುಡಿಯ ಭಕ್ತರು.

ನಿಜ ಏನು ಎಂದು ನಾನು ಲಿಮ್ ಆಂಟಿಯನ್ನೇ ಕೇಳಿದೆ. "ಚೀಲದಲ್ಲಿ ಕಿತ್ತಳೆಹಣ್ಣು ಇತ್ತು," ಎಂದರು. "ನಾಯಿ ಅದಕ್ಕೆ ಕೂತಿತು. ಹಣ್ಣು ತೆಗೆದುಕೊಂಡರು, ಬೂದಿ ನೋಡಿ ವಾಪಸ್ ಕೊಟ್ಟರು." ಮತ್ತೆ ತಾವೇ ಕೇಳಿದರು, "ಕಿತ್ತಳೆ ಯಾರಿಗೆ ಅಂತ ತಂದದ್ದು? ದೇವಿಗೆ. ಮತ್ತೆ ನಾಯಿ ಯಾರಿಗೆ ಕೂತ ಹಾಗಾಯಿತು?"

ಈಗ ನಮ್ಮವರ ವಿಷಯಕ್ಕೆ ಬರುತ್ತೇನೆ. ಇಲ್ಲಿನ ನಮ್ಮ ಕನ್ನಡದವರ ಗುಂಪಿಗೆ ಆಗ ಪಾಟೀಲರು ಅಧ್ಯಕ್ಷರು. ಅವರನ್ನು ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ನಾವು ಈ ದೇಶಕ್ಕೆ ಬಂದಿಳಿದಾಗ ನಿಲ್ದಾಣಕ್ಕೆ ವ್ಯಾನು ತಂದವರು ಅವರು. ಬಾಡಿಗೆ ಮನೆ ಸಿಗುವವರೆಗೂ ನಮ್ಮನ್ನು ತಮ್ಮ ಮನೆಯಲ್ಲಿಟ್ಟುಕೊಂಡರು. ಅವರ ಹೆಂಡತಿ ಬಿಸಿ ರೊಟ್ಟಿ ಬಡಿದು ಹಾಕಿದರು. ಹೀಗೆ ಅವರಿಂದ ಉಪಕಾರ ಪಡೆಯದ ಮನೆ ನಮ್ಮಲ್ಲಿ ಒಂದೂ ಇರಲಿಲ್ಲ. ಅದಕ್ಕೇ ಅವರು ಏನು ಮಾಡಿದರೂ ಯಾರೂ ಏನೂ ಅನ್ನುತ್ತಿರಲಿಲ್ಲ.

ಆ ವರ್ಷ ರಾಜ್ಯೋತ್ಸವಕ್ಕೆ ನಾವು ಯಾವಾಗಲೂ ಹಿಡಿಯುವ ಹಾಲು ಸಿಗಲಿಲ್ಲ. ನಾನು ದೊಡ್ಡಸ್ತಿಕೆಯಿಂದ, "ನಾನು ಕೇಳ್ತೀನಿ ತಡೀರಿ" ಎಂದು ಲಿಮ್ ಆಂಟಿಯ ಹತ್ತಿರ ಹೋದೆ. ಅವರು ಒಂದು ಮಾತಿಗೇ ಒಪ್ಪಿದರು, ಬಾಡಿಗೆಯೂ ಬೇಡವೆಂದರು. ಮಾಂಸ ಬೇಯಿಸಬೇಡಿ ಎಂದು ಹೇಳಲು ಹೋಗಿ, ನೀವು ತಿನ್ನುವುದೇ ಇಲ್ಲವಲ್ಲ ಎಂದು ತಾವೇ ನಕ್ಕರು. ಕೇಳಿದ್ದು ಒಂದೇ. ಅವಳ ಕಣ್ಣಿಗೆ ಅಡ್ಡ ಏನೂ ಇಡಬೇಡಿ. ನಾನು ಮಾತು ಕೊಟ್ಟೆ. ಪಾಟೀಲರಿಗೆ ಕಥೆ ಸಮೇತ ಬಿಡಿಸಿ ಹೇಳಿದೆ. "ಆತ್ರಿ ಅಕ್ಕಾರ, ಅದೇನ್ ದೊಡ್ಡ ಮಾತು," ಎಂದರು ಅವರು.

ಆದರೆ ನಮ್ಮ ಜನಕ್ಕೆ ಬ್ಯಾನರಿಲ್ಲದೆ ಕಾರ್ಯಕ್ರಮವೇ ಇಲ್ಲ. ಹಾಡುವವರು ಬರದಿದ್ದರೂ ನಡೆಯುತ್ತದೆ, ಊಟಕ್ಕೆ ಉಪ್ಪು ಕಡಿಮೆಯಾದರೂ ನಡೆಯುತ್ತದೆ, ಹಿಂದೆ ಬ್ಯಾನರು ಇರಲೇಬೇಕು. ಅದರ ಮೇಲೆ ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿಗಳ ಫೋಟೋ ಇರಲೇಬೇಕು. ಈ ಬ್ಯಾನರನ್ನು ಹುಬ್ಬಳ್ಳಿಯಲ್ಲಿ ಮಾಡಿಸಿ ಯಾರದೋ ಸೂಟ್‌ಕೇಸಿನಲ್ಲಿ ತರಿಸಿದ್ದರು. ನಾನು ಹುಗ್ಗಿಯ ಪಾತ್ರೆ ಹೊತ್ತುಕೊಂಡು ಹಾಲಿಗೆ ಹೋದಾಗ ಅದು ಈ ಗೋಡೆಯಿಂದ ಆ ಗೋಡೆಗೆ ಬಿಗಿದು ನಿಂತಿತ್ತು. ನಡುವೆ ಭುವನೇಶ್ವರಿ ದೇವಿ, ಪಕ್ಕದಲ್ಲಿ ಭುವನೇಶ್ವರಿಗಿಂತ ದೊಡ್ಡ ಪಾಟೀಲರು. ಪೀಠವೂ ಇಲ್ಲ, ಕಡಲ ತಾಯಿಯೂ ಇಲ್ಲ. ಒಬ್ಬ ತಾಯಿಯ ಚಿತ್ರವನ್ನು ಇನ್ನೊಬ್ಬ ತಾಯಿಯ ಮುಖಕ್ಕೆ ಕಟ್ಟಿದ್ದರು.

ಪಾತ್ರೆ ಇಳಿಸಿ ನೇರ ಪಾಟೀಲರ ಹತ್ತಿರ ಹೋದೆ. "ಪಾಟೀಲ್ರ, ಅದನ್ನ ತಗಸ್ರಿ. ನಾ ನಿಮಗ ಹೇಳಿದ್ದೆ."

"ಅಕ್ಕಾರ, ಎರಡು ತಾಸಿನ ಮಾತು. ಫೋಟೋದಾಗ ಹಿಂದ ಆ ಕರೀ ಮಾರಿ ಗೊಂಬಿ ಬಂದ್ರ ಊರಾಗಿನ ಮಂದಿ ಏನಂದಾರು? ಇದು ಕನ್ನಡದವರ ಹಬ್ಬನೋ ಚೀನಾದವರದೋ ಅಂದಾರು."

ಕಪ್ಪು ಕಲ್ಲಿನ ದೇವರಿಗೆ ದಿನಾ ಬೆಣ್ಣೆ ಮೆತ್ತುವ ನಾಡಿನವರು ನಾವು. ಕರೀ ಮಾರಿ ಎನ್ನಲು ಅವರಿಗೆ ಬಾಯಾದರೂ ಹೇಗೆ ಬಂತು? "ಅವರ ಮಗ ಸಮುದ್ರದಾಗ ಅದಾನ್ರಿ," ಎಂದೆ. "ಎಲ್ಲಾರೂ ಅವರವರ ಕೆಲಸದಾಗ ಅದಾರ," ಎಂದು ಅವರು ಮೈಕು ಸರಿಮಾಡಲು ಹೋದರು. ನನ್ನ ಗಂಡನನ್ನು ನೋಡಿದೆ. ಅವರು ಕಣ್ಣಿನಲ್ಲೇ ಸುಮ್ಮನಿರು ಎಂದರು. ಹತ್ತಿರ ಹೋದರೆ ಬಾಯಲ್ಲೂ ಹೇಳಿದರು, "ಎಲ್ಲಾದನ್ನೂ ನೀ ಯಾಕ ಮೈಮ್ಯಾಲೆ ಹಾಕ್ಕೋತಿ? ಅವರ ಮನ್ಯಾಗ ಉಂಡೀವಿ." ಉಂಡದ್ದು ನಿಜ. ಉಂಡವರು ಕಣ್ಣು ಮುಚ್ಚಿಕೊಂಡಿರಬೇಕು ಎಂದರೂ ಒಪ್ಪೋಣ. ದೇವರ ಕಣ್ಣನ್ನೂ ಮುಚ್ಚಬೇಕೇ?

ಅಷ್ಟರಲ್ಲಿ ಲಿಮ್ ಆಂಟಿ ಬಂದರು. ನಮಗೆಂದು ಆವಿಯಲ್ಲಿ ಬೇಯಿಸಿದ ಸಿಹಿ ಬನ್ನುಗಳನ್ನು ದೊಡ್ಡ ತಟ್ಟೆಯಲ್ಲಿ ತುಂಬಿ ತಂದಿದ್ದರು. ಬ್ಯಾನರು ಕಂಡು ಬಾಗಿಲಲ್ಲೇ ನಿಂತರು. ಮುಖ ಸ್ವಲ್ಪವೂ ಬದಲಾಗಲಿಲ್ಲ. ತಟ್ಟೆಯನ್ನು ಊಟದ ಮೇಜಿನ ಮೇಲಿಟ್ಟರು, ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹೋಗಿ ಹೊಸ್ತಿಲಲ್ಲಿ ಹಾಕಿದರು, ನಮಗೆಲ್ಲ ಬೆನ್ನು ಮಾಡಿ ನೀರಿನ ಕಡೆ ನೋಡುತ್ತ ಕೂತರು. ನೋಡಿದವರು ಮುದುಕಿ ಗಾಳಿಗೆ ಕೂತಿದ್ದಾಳೆ ಎಂದುಕೊಂಡರು.

ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವರೇ ಹೇಳಿದರು, "ಅವಳ ಕಣ್ಣು ಕಟ್ಟಿದ್ದಾರೆ. ನೀವು ಮುಗಿಸುವವರೆಗೆ ನಾನು ನೋಡುತ್ತಿರುತ್ತೇನೆ. ಹೋಗು, ನಿನ್ನ ಹಬ್ಬ ಮಾಡು."

ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ದೇವತೆಯ ಪಾಳಿಯನ್ನು ಆ ಹೆಂಗಸು ತಾನು ಮಾಡಲು ಕೂತಿದ್ದಳು, ಕಣ್ಣು ಪಿಳುಕಿಸಲೂ ಹೆದರುತ್ತ.

ಒಳಗೆ ಪಾಟೀಲರ ಭಾಷಣ ಶುರುವಾಯಿತು. ವಿಷಯ ಏನೆಂದುಕೊಂಡಿರಿ? ಕನ್ನಡಿಗರ ಔದಾರ್ಯ. ನಮಗೆ ಪರಧರ್ಮ ಎಂಬುದೇ ಇಲ್ಲ, ಎಲ್ಲ ದೇವರೂ ಒಂದೇ, ಅದಕ್ಕೆ ಸಾಕ್ಷಿ ಇವತ್ತು ನಾವು ಚೀನಿಯರ ಗುಡಿಯಲ್ಲಿ ಸೇರಿರುವುದು ಎಂದರು. ಬೆನ್ನ ಹಿಂದೆ ಗುಡಿಯ ದೇವರನ್ನು ಮುಚ್ಚಿಟ್ಟು ಈ ಮಾತು. ಜನ ಚಪ್ಪಾಳೆ ತಟ್ಟಿದರು. ಅದರಿಂದ ಹುರುಪಾಗಿ ನಾಯಿಯ ಕಥೆಗೆ ಕೈಹಾಕಿದರು. "ನಾಯಿ ನಮಸ್ಕಾರ ಮಾಡ್ತಂತ್ರಿ, ಬಿಸ್ಕೀಟು ಕಂಡಿರಬೇಕು ಪಾಪ" ಎಂದರು. ಹಾಲೆಲ್ಲ ನಕ್ಕಿತು. ನನ್ನ ಮೈ ಉರಿಯಿತು. ಇದೇ ಪಾಟೀಲರು ತಮ್ಮ ಊರ ದೇವರ ಮಹಿಮೆಯನ್ನು ನಮಗೆ ಅದೆಷ್ಟು ಸಲ ಹೇಳಿದ್ದಾರೆ. ಹಸು ದಿನಾ ಹೋಗಿ ಹುತ್ತಕ್ಕೆ ಹಾಲು ಸುರಿಸುತ್ತಿತ್ತು, ಅಗೆದು ನೋಡಿದರೆ ಲಿಂಗವಿತ್ತು ಎಂದು. ನಾನು ಪ್ರತಿ ಸಲವೂ ಕೈಮುಗಿದು ಕೇಳಿದ್ದೇನೆ. ನಮ್ಮ ಹಸು ಹಾಲು ಸುರಿಸಿದರೆ ಮಹಿಮೆ, ಅವರ ನಾಯಿ ಕೂತರೆ ಬಿಸ್ಕೀಟು. ಇದು ಯಾವ ನ್ಯಾಯ, ನೀವೇ ಹೇಳಿ.

ಅಲ್ಲಿಗೂ ನಿಲ್ಲಲಿಲ್ಲ. ಈ ಮಾಜು ಎನ್ನುವವಳು ಯಾರು ಬಲ್ಲಿರೇನು, ನಮ್ಮ ದುರ್ಗಮ್ಮನೇ, ನಮ್ಮ ವ್ಯಾಪಾರಿಗಳ ಹಡಗಿನಲ್ಲಿ ಚೀನಾಕ್ಕೆ ಹೋದವಳು, ಅವರಿಗೆ ಅದು ಗೊತ್ತಿಲ್ಲ ಅಷ್ಟೇ ಎಂದರು. ಈ ಚರಿತ್ರೆಯನ್ನು ಅವರು ಮೈಕಿನ ಮುಂದೆ ನಿಂತಾಗಲೇ ಸೃಷ್ಟಿಸಿದರು, ಆಣೆ ಮಾಡಿ ಹೇಳುತ್ತೇನೆ. ದುರ್ಗಮ್ಮನೇ ಆದರೆ ಮುಚ್ಚಿದ್ದು ಯಾಕೆ ಎಂದು ಆ ಹಾಲಿನಲ್ಲಿ ಒಬ್ಬರಾದರೂ ಕೇಳಲಿಲ್ಲ.

ನಾನು ಎದ್ದೆ. ಊಟದ ಕೋಣೆಯಲ್ಲಿ ಉಳ್ಳಾಗಡ್ಡಿ ಹೆಚ್ಚಿದ ಚಾಕು ಇತ್ತು, ಅದನ್ನು ಸೆರಗಿನಲ್ಲಿ ಹಿಡಿದುಕೊಂಡು ಪೀಠದ ಪಕ್ಕದ ಸಾಮಾನಿನ ಕೋಣೆಗೆ ಹೋದೆ. ಬ್ಯಾನರಿನ ಹಗ್ಗವನ್ನು ಆ ಕೋಣೆಯ ಕೊಕ್ಕೆಗೆ ಬಿಗಿದಿದ್ದರು. ಒಂದು ತುದಿ ಸಡಿಲಿಸಿ ದೇವಿಯ ಕಣ್ಣಿನಷ್ಟು ಜಾಗ ಬಿಡಿಸಬೇಕು, ಅಷ್ಟೇ ನನ್ನ ಯೋಚನೆ. ನನಗೆ ಗಂಟು ಬಿಚ್ಚಲು ಬರುವುದಿಲ್ಲ. ಲಂಗದ ಲಾಡಿ ಗಂಟುಬಿದ್ದರೂ ಕತ್ತರಿ ಹುಡುಕುವವಳು ನಾನು. ಚಾಕು ಇಟ್ಟು ಒಂದು ಸಲ ಎಳೆದೆ, ಎರಡು ಸಲ ಎಳೆದೆ. ಹಗ್ಗ ಪಟ್ಟೆಂದಿತು. ಇಡೀ ಬ್ಯಾನರು ಆ ಕಡೆಯ ಗೋಡೆಯವರೆಗೂ ಕಳಚಿಕೊಂಡು ಪಾಟೀಲರ ಮೇಲೆ ಬಿತ್ತು. ಅದರೊಳಗಿಂದಲೂ ಅವರ ಮಾತು ಒಂದು ವಾಕ್ಯದಷ್ಟು ಕೇಳಿಸುತ್ತಲೇ ಇತ್ತು.

ಹೊರಗೆ ಬಂದ ಮೇಲೆ ಅವರ ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು. "ಯಾರ್ರೀ ಇದನ್ನ ಬಿಚ್ಚಿದವರು? ಯಾರದಿದು ಕೆಲಸ?"

ನಾನು ಆ ಪ್ರಶ್ನೆಗೇ ಕಾದಿದ್ದೆ. ಚಾಕು ಕೈಯಲ್ಲೇ ಇತ್ತು, ಹೇಳಬೇಕಾದ ಮಾತೆಲ್ಲ ಬಾಯಿಗೆ ಬಂದಿತ್ತು. ಹಸು, ಹುತ್ತ, ಕರೀ ಮಾರಿ, ದುರ್ಗಮ್ಮ, ಕೊಟ್ಟ ಮಾತು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡಲು ಸಿದ್ಧಳಾಗಿದ್ದೆ. ಕೋಣೆಯ ಬಾಗಿಲಿಗೆ ಬಂದೆ. ಅಷ್ಟರಲ್ಲಿ ಹೊಸ್ತಿಲಿನಿಂದ ಲಿಮ್ ಆಂಟಿ ಎದ್ದು ನಿಂತಿದ್ದರು. ಪಾಟೀಲರ ಕನ್ನಡ ಅವರಿಗೆ ತಿಳಿಯದು, ಆದರೆ ಪ್ರಶ್ನೆ ತಿಳಿದಿತ್ತು. ಕೈ ಎತ್ತಿ ದೇವಿಯನ್ನು ತೋರಿಸಿದರು.

"ಅವಳು," ಎಂದರು. "ಅವಳಿಗೆ ಇಷ್ಟವಾಗಲಿಲ್ಲ. ಅವಳೇ ತೆಗೆದಳು."

ಮುಂದಿನ ಸಾಲಿನ ಹೆಂಗಸರು ಗಲ್ಲಗಲ್ಲ ಬಡಿದುಕೊಂಡರು. ಬಿಸ್ಕೀಟಿಗೆ ನಕ್ಕವರೆಲ್ಲ ಎದ್ದು ನಿಂತರು. ಪಾಟೀಲರು ತಿರುಗಿ ಆ ಕಪ್ಪು ಮುಖವನ್ನು ನೋಡಿದರು. ಅವರ ಕೈಗಳು ಅವರಿಗೆ ಗೊತ್ತಿಲ್ಲದೆಯೇ ಅರ್ಧ ಮುಗಿದಿದ್ದವು. ಬ್ಯಾನರನ್ನು ಮತ್ತೆ ಕಟ್ಟಿರೆಂದು ಯಾರೂ ಹೇಳಲಿಲ್ಲ. ಲಿಮ್ ಆಂಟಿ ಅಷ್ಟು ದೂರದಿಂದ ನನ್ನನ್ನು ಒಂದು ಸಲ ನೋಡಿದರು, ಮಕ್ಕಳಿಗೆ ಬಾಯಿಮುಚ್ಚು ಎನ್ನುವಾಗ ನೋಡುತ್ತಾರಲ್ಲ, ಹಾಗೆ. ನಾನು ಚಾಕುವನ್ನು ಸೆರಗಿನೊಳಗೆ ಸರಿಸಿಕೊಂಡೆ. ಮಾತೆಲ್ಲ ಗಂಟಲಲ್ಲೇ ಉಳಿಯಿತು.

ಮಾರನೆಯ ದಿನ ಬೇಲಿಯ ಹತ್ತಿರ ನಾನು ಜಗಳಕ್ಕೇ ಹೋದೆ. ಮಾಡಿದ್ದು ನಾನು, ಹೇಳಬೇಕಾದದ್ದಿತ್ತು, ನೀವು ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ. ಲಿಮ್ ಆಂಟಿ ನಿಂಬೆಹಣ್ಣು ಕೀಳುವುದನ್ನು ನಿಲ್ಲಿಸಲಿಲ್ಲ.

"ನೀನು ಅವರ ಜೊತೆ ಬಾಳಬೇಕು," ಎಂದರು. "ಅವರ ಮನೆಗೆ ನೀನು ಹೋಗಬೇಕು, ನಿನ್ನ ಮನೆಗೆ ಅವರು ಬರಬೇಕು. ದೇವಿಗೆ ಏನು? ಅವಳು ಯಾರ ಮನೆಗೂ ಊಟಕ್ಕೆ ಹೋಗಬೇಕಾಗಿಲ್ಲ. ಬೈದರೆ ಅವಳನ್ನೇ ಬೈಯಲಿ."

ಅವರ ಮಗ ಎಂದಿನಂತೆ ಕೆಲವು ವಾರದ ಮೇಲೆ ಬಂದ. ಆ ದಿನ ಕಡಲು ಹೇಗಿತ್ತು ಎಂದು ಕೇಳಿದೆ. ಯಾವ ದಿನ ಎಂದ. ಅವನಿಗೆ ನೆನಪೇ ಇರಲಿಲ್ಲ. ಪಾಟೀಲರ ಮನೆಗೆ ನಾವು ಈಗಲೂ ಹೋಗುತ್ತೇವೆ, ಅವರೂ ಬರುತ್ತಾರೆ. ಲಿಮ್ ಆಂಟಿ ಹೇಳಿದ ಹಾಗೆಯೇ ಆಯಿತು. ಆದರೆ ಮುಂದಿನ ವರ್ಷ ಗುಂಪು ಬೇರೆ ಹಾಲು ಹುಡುಕಿಕೊಂಡಿತು. ಯಾಕೆಂದು ಯಾರೋ ಕೇಳಿದಾಗ ಪಾಟೀಲರು, "ಆ ಗುಡಿಯವರು ಭಾಳ ಬಿಗಿ ಮಂದಿ, ಹೊಂದಿಕೋಳೂದಿಲ್ಲ" ಎಂದರು. ಬಾಡಿಗೆ ಬೇಡವೆಂದು ಬನ್ನು ಬೇಯಿಸಿಕೊಂಡು ಬಂದ ಹೆಂಗಸಿನ ಬಗ್ಗೆ ಈ ಮಾತು. ಅದನ್ನು ಕೇಳಿಯೂ ನಾನು ಸುಮ್ಮನಿದ್ದದ್ದು ಲಿಮ್ ಆಂಟಿಯ ಆ ನೋಟಕ್ಕೆ ಕಟ್ಟುಬಿದ್ದು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಇವತ್ತು ಅಂಗಡಿಯಿಂದ ಮನೆಗೆ ಹೋಗದೆ ಕಾರನ್ನು ಗುಡಿಯ ಕಡೆಗೇ ತಿರುಗಿಸಿದೆ. ಈಗ ಅಲ್ಲಿ ಮೇಲಿನ್ ಎಂಬ ಹುಡುಗಿ ನೋಡಿಕೊಳ್ಳುತ್ತಾಳೆ, ಲಿಮ್ ಆಂಟಿಯ ಕೈಯಲ್ಲಿ ಪಳಗಿದವಳು. ನಾನು ಹೋದಾಗ ಅವಳು ಯಾರೋ ಹೊಸ ಗಂಡಹೆಂಡತಿಗೆ ಗುಡಿಯ ಕಥೆ ಹೇಳುತ್ತಿದ್ದಳು. ಒಂದು ಸಲ ಯಾರೋ ಒಂದಿಷ್ಟು ಜನ ತಿಳಿಯದೆ ದೇವಿಯ ಕಣ್ಣಿಗೆ ಬಟ್ಟೆ ಕಟ್ಟಿದರು, ಅದೇ ಹೊತ್ತಿಗೆ ಕಡಲಿನಲ್ಲಿ ಭಾರೀ ಬಿರುಗಾಳಿ, ಒಂದು ದೋಣಿ ಮುಳುಗುವುದರಲ್ಲಿತ್ತು, ದೇವಿ ತಾನೇ ಬಟ್ಟೆ ಕಿತ್ತೆಸೆದು ಅದನ್ನು ಉಳಿಸಿದಳು ಎಂದಳು. ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ಹೇಳಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಬಿರುಗಾಳಿ ಎಲ್ಲಿತ್ತು? ಮುಳುಗುವ ದೋಣಿ ಎಲ್ಲಿತ್ತು? ಕಿತ್ತದ್ದು ನಾನು, ಉಳ್ಳಾಗಡ್ಡಿ ಚಾಕುವಿನಿಂದ, ಈ ಕೈಯಿಂದ. ನಾನಿಲ್ಲದ ಈ ಕಥೆ ಇನ್ನು ಇಲ್ಲೇ ಇರುತ್ತದೆ, ನಾನು ಸತ್ತ ಮೇಲೂ ಹೀಗೇ ಹೇಳುತ್ತಾರೆ. ಅದಕ್ಕಿಂತ ಹೆಚ್ಚು ಉರಿದದ್ದು ಆ 'ಯಾರೋ ಒಂದಿಷ್ಟು ಜನ'ಕ್ಕೆ. ಮರ್ಯಾದೆಗೆ ನಮ್ಮ ಹೆಸರನ್ನು ಬಿಟ್ಟಿದ್ದಳು. ಲಿಮ್ ಆಂಟಿಯೇ ಹಾಗೆ ಹೇಳಿಕೊಟ್ಟಿರಬೇಕು.

ಕಥೆ ಕೇಳುತ್ತಿದ್ದ ಆ ಹೊಸ ಹುಡುಗಿ ನನ್ನ ಸೀರೆ ನೋಡಿ ಗುರುತು ಹಿಡಿದಳು. "ಕನ್ನಡದವರೇನ್ರಿ ಆಂಟಿ? ನಾವು ಗದಗಿನವರ್ರೀ, ಬಂದು ತಿಂಗಳಾತು." ಆಮೇಲೆ ದನಿ ತಗ್ಗಿಸಿ ಕೇಳಿದಳು, "ಇವರು ಹೇಳೂದು ಖರೇ ಏನ್ರಿ?"

ಮೇಲಿನ್ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಕನ್ನಡ ಬರದು. ಇಷ್ಟು ವರ್ಷ ಗಂಟಲಲ್ಲಿದ್ದ ಮಾತನ್ನು ಈಗ ನಮ್ಮ ಭಾಷೆಯಲ್ಲೇ ಹೇಳಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ.

"ಖರೇ ಐತವ್ವ," ಎಂದೆ. "ನಾ ಇಲ್ಲೇ ಇದ್ದೆ. ಕಣ್ಣು ಕಟ್ಟಿದವರು ನಾವು, ನಮ್ಮ ಕನ್ನಡದ ಮಂದಿ. ಬಿಚ್ಚಿದಾಕಿ ಆಕಿ."

ಹುಡುಗಿ ದೇವಿಯ ಕಡೆ ನೋಡಿದಳು, ತಿರುಗಿ ಬಾಗಿಲಿನ ಕಡೆ ನೋಡಿದಳು. ಆಮೇಲೆ ಗಂಡನ ತೋಳು ಹಿಡಿದು ಎಳೆದುಕೊಂಡು ಪಕ್ಕಕ್ಕೆ ಸರಿದು ನಿಂತಳು.